ಅಣ್ಣಾ ಸರ್‌ನ ಹರಕು ಹಿಂದಿ

ಇವತ್ತಿಗೂ ಮೆಟ್ರೋದಲ್ಲಿ ಪಕ್ಕದವರು ಹಿಂದಿಯಲ್ಲಿ ಏನಾದರೂ ಕೇಳಿದರೆ ನನ್ನ ನಾಲಿಗೆ ಒಂದು ಕ್ಷಣ ತಡೆಯುತ್ತದೆ. ಯಾವ ಹಿಂದಿ ತೆಗೆಯಲಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಎರಡು ಹಿಂದಿ ಇದ್ದವು. ಒಂದು ನನ್ನದು, ಇನ್ನೊಂದು ಕ್ಯಾಮೆರಾದ್ದು. ಸುಮಾರು ಎರಡು ವರ್ಷ ನಾನು ಮೊದಲನೆಯದನ್ನು ಮನೆಯ ಬಾಗಿಲ ಒಳಗೆ ಬಚ್ಚಿಟ್ಟು, ಎರಡನೆಯದನ್ನು ಹಾಕಿಕೊಂಡು ಹೊರಗೆ ಹೋಗುತ್ತಿದ್ದೆ.

ನಾನು ಬೀದರಿನವನು. ನಮ್ಮ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವು. ಚರ್ಚಿನಲ್ಲಿ ಕನ್ನಡದ ಹಾಡು, ಹೊರಗೆ ಬಂದರೆ ಸೈಕಲ್ ರಿಪೇರಿಯವನ ಜೊತೆ ಉರ್ದು. ಹೀಗಾಗಿ ದೆಹಲಿಗೆ ಬಂದಾಗ ಹಿಂದಿಗಾಗಿ ನಾನು ಒಂದು ದಿನವೂ ಕಷ್ಟಪಟ್ಟವನಲ್ಲ. ನಮ್ಮ ಕಡೆಯ ದಖ್ಖನಿ ಉರ್ದುವಿನ ಒರಟು ಅಂಚನ್ನು ಸ್ವಲ್ಪ ಉಜ್ಜಿದೆ, ಅಷ್ಟೆ. ಲಕ್ಷ್ಮೀ ನಗರದ ಒಂದು ಕೋಚಿಂಗ್ ಸಂಸ್ಥೆಯಲ್ಲಿ ಸಿ.ಎ. ಪರೀಕ್ಷೆಗೆ ಓದುವ ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್ ಪಾಠ ಮಾಡಲು ಸೇರಿದೆ. ನಾನು ಕರ್ನಾಟಕದವನೆಂದರೆ ಮಕ್ಕಳು ನಂಬುತ್ತಿರಲಿಲ್ಲ. ಸರ್ ಲಖನೌ ಕಡೆಯವರೇ ಇರಬೇಕು ಎಂದು ಪಂಥ ಕಟ್ಟುತ್ತಿದ್ದರು. ಹೊರಗೆ ತೋರಿಸಿಕೊಳ್ಳದಿದ್ದರೂ ಒಳಗೆ ನನಗೆ ಬಹಳ ಹೆಮ್ಮೆಯಾಗುತ್ತಿತ್ತು.

ಆಮೇಲೆ ಪಾಠಗಳು ಫೋನಿನೊಳಗೂ ಹೋದವು. ನಮ್ಮ ಗಲ್ಲಿಗಳಲ್ಲಿ ಮೊದಲು ವಿದ್ಯುತ್ ತಂತಿಗಳ ನಡುವೆ ಆಕಾಶವಾದರೂ ಕಾಣುತ್ತಿತ್ತು, ಈಗ ಅಲ್ಲಿಯೂ ಮೇಷ್ಟ್ರುಗಳ ಮುಖದ ಹೋರ್ಡಿಂಗ್‌ಗಳು ಬಂದವು. ಒಬ್ಬರು ಕೈ ಕಟ್ಟಿಕೊಂಡು ನಿಂತಿದ್ದರು, ಒಬ್ಬರು ಕರಿ ಕನ್ನಡಕ ಹಾಕಿದ್ದರು, ಇನ್ನೊಬ್ಬರು ಕ್ಯಾಲ್ಕುಲೇಟರನ್ನು ಪಿಸ್ತೂಲಿನಂತೆ ಹಿಡಿದಿದ್ದರು. ಸಂಸ್ಥೆಯ ನಿರ್ದೇಶಕರು ನನ್ನನ್ನು ಕರೆದು ಕೂರಿಸಿ ಚಹಾ ತರಿಸಿದರು. ಈ ಮನುಷ್ಯ ಚಹಾ ತರಿಸಿದನೆಂದರೆ ಏನೋ ಕಾದಿದೆ ಎಂದೇ ಲೆಕ್ಕ.

"ಪಾಠ ಎಲ್ಲರೂ ಮಾಡ್ತಾರೆ ಸರ್ ಜೀ. ನಿಮ್ಮ ಫೇಸ್ ಏನು? ನಿಮ್ಮ ಬ್ರ್ಯಾಂಡ್ ಏನು?" ಎಂದರು.

ನನಗೆ ಇರುವುದು ಒಂದೇ ಮುಖ, ಅದು ನಿಮ್ಮೆದುರಿಗೇ ಇದೆ ಎನ್ನಬೇಕೆನಿಸಿತು. ಅನ್ನಲಿಲ್ಲ. ವರ್ಷಕ್ಕೊಮ್ಮೆ ನಮ್ಮ ಕರಾರು ಹೊಸದಾಗಬೇಕು. ಬ್ರ್ಯಾಂಡ್ ಆಗದ ಮೇಷ್ಟ್ರುಗಳನ್ನು ಡೌಟ್ ವಿಭಾಗಕ್ಕೆ ಕಳಿಸುತ್ತಿದ್ದರು. ಅಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಮಕ್ಕಳು ಕಳಿಸುವ ಪ್ರಶ್ನೆಗಳಿಗೆ ಟೈಪ್ ಮಾಡಿ ಉತ್ತರ ಕೊಡಬೇಕು. ಒಂದು ಕಾಲಕ್ಕೆ ಕ್ಲಾಸು ತುಂಬಿ ಮಕ್ಕಳು ಹೊರಗೆ ನಿಲ್ಲುವಂತೆ ಪಾಠ ಮಾಡಿದ ಹಿರಿಯರೊಬ್ಬರು ಅಲ್ಲಿಗೆ ಹೋಗಿ ಕೂತಿದ್ದರು. ಅವರ ಹೆಸರು ಕೂಡ ಪರದೆಯ ಮೇಲೆ ಕಾಣುತ್ತಿರಲಿಲ್ಲ. ಅಲ್ಲಿಗೆ ಹೋದವರು ಮರಳಿ ಕ್ಲಾಸಿಗೆ ಬಂದದ್ದನ್ನು ನಾನು ನೋಡಿಲ್ಲ. ಆ ಕೋಣೆಯ ಬಾಗಿಲು ಕಂಡರೆ ನನಗೆ ಭಯವಾಗುತ್ತಿತ್ತು.

ನನ್ನ ಬ್ರ್ಯಾಂಡ್ ಕಟ್ಟುವ ಜವಾಬ್ದಾರಿ ಗಾಜಿಯಾಬಾದಿನ ಒಬ್ಬ ಚುರುಕು ಹುಡುಗಿಯ ಮೇಲೆ ಬಿತ್ತು. ಅವಳ ಕೆಲಸವೇ ಅದು, ಮೇಷ್ಟ್ರುಗಳನ್ನು ಬ್ರ್ಯಾಂಡ್ ಮಾಡುವುದು. ನನ್ನ ಹಳೆಯ ವಿಡಿಯೋಗಳನ್ನೆಲ್ಲ ನೋಡಿ ಬಂದು, ಡಾಕ್ಟರು ರಿಪೋರ್ಟು ಓದುವ ಹಾಗೆ ಗಂಭೀರವಾಗಿ ಹೇಳಿದಳು.

"ಸರ್, ನಿಮ್ಮ ಹಿಂದಿ ತುಂಬಾ ಸಾಫ್ ಇದೆ. ಅದೇ ಪ್ರಾಬ್ಲಂ. ಸೌತ್‌ನವರು ಅಂದ್ರೆ ಜನ ನಂಬಲ್ಲ. ನಂಬದೇ ಇದ್ದರೆ ನೆನಪೂ ಇರಲ್ಲ."

ಹೀಗೆ ನಾನು 'ಅಣ್ಣಾ ಸರ್' ಆದೆ. ಬಿಳಿ ಅಂಗಿ, ಬಂಗಾರದ ಅಂಚಿನ ಬಿಳಿ ಪಂಚೆ. ಬೀದರಿನಲ್ಲಿ ಆ ತರಹದ ಪಂಚೆ ಉಟ್ಟವರನ್ನು ನಾನು ಕಂಡೇ ಇರಲಿಲ್ಲ. ನಮ್ಮಜ್ಜ ಉಡುತ್ತಿದ್ದದ್ದು ಕಚ್ಚೆ ಧೋತರ. ಪಂಚೆ ಉಡುವುದನ್ನು ವಿಡಿಯೋ ನೋಡಿ ಕಲಿತೆ, ಜಾರದಿರಲೆಂದು ಒಳಗೆ ಬೆಲ್ಟು ಕಟ್ಟಿದೆ. ಮೇಕಪ್ ಪೆಟ್ಟಿಗೆಯಿಂದ ಅವಳು ವಿಭೂತಿಯನ್ನೂ ತೆಗೆದಳು. ನಾನು ಕ್ರಿಶ್ಚಿಯನ್ ಕಣಮ್ಮ ಎಂದೆ. "ಯಾರಿಗೆ ಗೊತ್ತಾಗುತ್ತೆ ಸರ್?" ಎಂದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ನನಗೇ ಗೊತ್ತಾಗುತ್ತದಲ್ಲ ಎಂದು ಅದೊಂದನ್ನು ಮಾತ್ರ ಬೇಡವೆಂದೆ. ಹಣೆ ಉಳಿಸಿಕೊಂಡೆ, ನಾಲಿಗೆ ಕೊಟ್ಟೆ.

ಅದು ಎಂಥ ಹಿಂದಿಯೆಂದರೆ, ವಾಕ್ಯ ಶುರುವಾಗುವುದಕ್ಕೆ ಮೊದಲು ಒಂದು 'ಅಯ್ಯಯ್ಯೋ', ಮುಗಿದ ಮೇಲೆ ಒಂದು 'ಜೀ', ನಡುವೆ ಗಂಡಸರೆಲ್ಲ ಹೆಂಗಸರು, ಹೆಂಗಸರೆಲ್ಲ ಗಂಡಸರು. ಮೊದಲ ದಿನ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿದವನು ನಕ್ಕು ನಕ್ಕು ಫೋಕಸ್ ಕೆಡಿಸಿಕೊಂಡ. ವಾರದೊಳಗೆ ವಿಡಿಯೋ ಊರೆಲ್ಲ ತಿರುಗಿತು. ಕಾಸ್ಟ್ ಶೀಟಿನ ಲೆಕ್ಕವನ್ನು ಇಡ್ಲಿ ಹಿಟ್ಟಿನಲ್ಲಿ ವಿವರಿಸಿದ್ದೆ. ನಮ್ಮ ಮನೆಯಲ್ಲಿ ದಿನವೂ ರೊಟ್ಟಿ. ಇಡ್ಲಿ ಏನಿದ್ದರೂ ಹೋಟೆಲಿನಲ್ಲಿ.

ವೇಷ ಹಾಕಿದ ಮೇಲೆ ಕುಣಿಯಬೇಕಲ್ಲ. ಕುಣಿತ ಸ್ಟುಡಿಯೋದಲ್ಲೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಆದರೆ ಲಕ್ಷ್ಮೀ ನಗರದಲ್ಲಿ ನೂರು ಹೆಜ್ಜೆ ನಡೆದರೆ ಯಾರೋ ಒಬ್ಬ ವಿದ್ಯಾರ್ಥಿ ಎದುರಾಗುತ್ತಾನೆ. ತರಕಾರಿ ಭಯ್ಯಾನ ಹತ್ತಿರ ಬೆಂಡೆಕಾಯಿ ಆರಿಸುವಾಗ ಹಿಂದಿನಿಂದ "ಅಣ್ಣಾ ಸರ್!" ಎಂದು ಕೂಗಿದರೆ ಮುಗಿಯಿತು, ಅಲ್ಲಿಯವರೆಗೆ ಚೆನ್ನಾಗಿ ಚೌಕಾಸಿ ಮಾಡುತ್ತಿದ್ದ ಬಾಯಿ ತೊದಲಬೇಕು. ಆ ಭಯ್ಯಾ ನನಗೆ ಏನೋ ಕಾಯಿಲೆಯಿದೆ ಎಂದುಕೊಂಡಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ನನಗೋಸ್ಕರವೇ ಹುಟ್ಟಿದಂತಿತ್ತು. ಮೆಟ್ರೋದಲ್ಲಿ ಫೋನ್ ಬಂದರೆ ತೆಗೆಯುತ್ತಿರಲಿಲ್ಲ. ಆಟೋ ಹತ್ತಿದರೆ ವಿಳಾಸ ಬರೆದ ಫೋನನ್ನು ತೋರಿಸಿ ಸುಮ್ಮನಾಗುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ನಾನು ಕದ್ದದ್ದು ಮಾತ್ರ ನನ್ನದೇ ಸಾಮಾನು.

ಮನೆಯಲ್ಲಿ ಹೆಂಡತಿಗೆ ಇದೆಲ್ಲ ತಮಾಷೆ. ಅವಳೂ ಬೀದರಿನವಳೇ, ಇಲ್ಲಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. "ಏನ್ರೀ ಅಣ್ಣಾ, ಇವತ್ತ ಯಾವ ನಾಲಿಗಿ ಹಾಕ್ಕೊಂಡು ಬಂದೀರಿ? ಬಾಗಿಲಾಗ ತೆಗೆದಿಟ್ಟು ಒಳಗ ಬರ್ರಿ" ಎನ್ನುತ್ತಿದ್ದಳು. ಮಗಳಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಅವಳು ದೆಹಲಿಯಲ್ಲೇ ಹುಟ್ಟಿದವಳು. ಶಾಲೆಯಲ್ಲಿ ಪೋಷಕರ ಸಭೆಗೆ ಹೋಗುವ ಮುಂಚೆ ನನ್ನ ಕೈ ಹಿಡಿದು ನಿಲ್ಲಿಸಿ, "ಪಪ್ಪಾ, ಪ್ಲೀಸ್, ಟೀಚರ್ ಕೇ ಸಾಮ್ನೇ ವೋ ವಾಲಾ ಮತ್ ಬೋಲ್ನಾ. ಆ ಅಣ್ಣಾ ಹಿಂದಿ ಬೇಡ. ನಂಗೆ ನಾಚ್ಕೆ ಆಗುತ್ತೆ" ಎಂದಳು. ಟೀಚರ್ ನನ್ನನ್ನು ನೋಡಿದ ಕೂಡಲೇ ಗುರುತಿಸಿ ಸೆಲ್ಫಿ ಕೇಳಿದರು. ಒಳ್ಳೆಯ ಹಿಂದಿ ಮಾತಾಡಿದರೆ ಬ್ರ್ಯಾಂಡ್ ಹೋಗುತ್ತದೆ, ಕೆಟ್ಟ ಹಿಂದಿ ಮಾತಾಡಿದರೆ ಮಗಳ ಮರ್ಯಾದೆ ಹೋಗುತ್ತದೆ. ಅಷ್ಟು ಹೊತ್ತೂ ಇಂಗ್ಲಿಷಿನಲ್ಲಿ ಮಾತಾಡಿ ಬೆವರಿಕೊಂಡು ಹೊರಗೆ ಬಂದೆ.

ಆ ದಿನಗಳಲ್ಲಿಯೇ ಕೊಳ್ಳೇಗಾಲದ ಹುಡುಗಿ ಬಂದದ್ದು. ಬೆಳಗಿನ ಬ್ಯಾಚು ಮುಗಿದ ಮೇಲೆ ಎಲ್ಲರೂ ಹೋಗುವ ತನಕ ಕಾದಿದ್ದು, ಹತ್ತಿರ ಬಂದು, "ಸರ್, ನೀವು ಕನ್ನಡದವ್ರಂತೆ?" ಎಂದಳು. ಲಕ್ಷ್ಮೀ ನಗರದ ಆ ಗದ್ದಲದಲ್ಲಿ ನನ್ನ ಭಾಷೆ ಕೇಳಿ ಸಂತೋಷವಾಗಿ, ಕೂರಮ್ಮ ಕೂರು ಎಂದೆ. ಅವಳ ಅಪ್ಪ ಬಸ್ ಕಂಡಕ್ಟರ್. ಅಣ್ಣ ದೆಹಲಿಯಾಚೆಗಿನ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಧೈರ್ಯದ ಮೇಲೆ ಇವಳು ಸಿ.ಎ. ಓದಲು ಬಂದಿದ್ದಳು. ಆದರೆ ಮಾನೇಸರ್ ಎಲ್ಲಿ, ಲಕ್ಷ್ಮೀ ನಗರ ಎಲ್ಲಿ. ಇಲ್ಲಿ ಒಂದು ಪೇಯಿಂಗ್ ಗೆಸ್ಟ್ ಮನೆಯಲ್ಲಿ ಒಬ್ಬಳೇ ಇದ್ದಳು. ಇದೊಂದು ಸಲ ಪರೀಕ್ಷೆ ಬರೆ, ಆಗದಿದ್ದರೆ ಊರಿಗೆ ವಾಪಸ್ ಬಂದುಬಿಡು ಎಂದು ಅಪ್ಪ ಹೇಳಿಬಿಟ್ಟಿದ್ದರು.

"ಹಿಂದಿ ಒಂದಕ್ಷರ ಬರ್ತಿರ್ಲಿಲ್ಲ ಸರ್. ಈಗ ಅರ್ಥ ಆಗುತ್ತೆ, ಆದ್ರೆ ಬಾಯಿ ತೆಗೆದ್ರೆ ಎಲ್ಲಾ ನಗ್ತಾರೆ. ಮೊದಮೊದಲು ಅಳು ಬರೋದು. ಆಮೇಲೆ ನಿಮ್ಮ ವಿಡಿಯೋ ನೋಡ್ದೆ. ಇಷ್ಟು ವರ್ಷ ಇಲ್ಲಿದ್ರೂ ಸರ್ ಹಿಂದಿನೂ ನನ್ ಥರಾನೇ ಇದೆಯಲ್ಲ, ಆದ್ರೂ ಸರ್ ಎಷ್ಟು ದೊಡ್ಡ ಹೆಸರು ಮಾಡಿದಾರೆ ಅಂತ ಧೈರ್ಯ ಬಂತು. ಈಗ ನಕ್ರೆ ನಗ್ಲಿ ಅಂತೀನಿ."

ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿಯವರೆಗೂ ಬಂತು. ಕ್ಲಾಸಿನ ಮೂಲೆಯಲ್ಲಿ ಬ್ರ್ಯಾಂಡಿನ ಹುಡುಗಿ ಲೈಟು ಜೋಡಿಸುತ್ತಿದ್ದಳು, ಅವಳಿಗೆ ಕನ್ನಡ ಬರುವುದಿಲ್ಲ, ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಈ ಹುಡುಗಿಯ ಮುಖದಲ್ಲಿ ಅಷ್ಟೊಂದು ನೆಮ್ಮದಿಯಿತ್ತು. "ನಗೋರು ನಗ್ಲಿ ಬಿಡಮ್ಮ, ನೀನು ಲೆಕ್ಕ ಮಾಡು" ಎಂದು ಹೇಳಿ ಕಳಿಸಿದೆ. ಅಂದಿನಿಂದ ನನ್ನ ಭಯಗಳ ಸಾಲಿನಲ್ಲಿ ಇವಳೂ ಸೇರಿದಳು. ಅವಳು ಕಾರಿಡಾರಿನಲ್ಲಿ ಕಂಡರೆ ನಾನು ಗುಮಾಸ್ತನ ಜೊತೆಗಿನ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದೆ. ನಿರ್ದೇಶಕರಿಗೆ ಗೊತ್ತಾಗಬಾರದ್ದು ಏನೂ ಇರಲಿಲ್ಲ, ವೇಷ ಹಾಕಿಸಿದವರೇ ಅವರು. ಜನರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಇವಳಿಗೆ ಗೊತ್ತಾದರೆ ಏನು ಹೋಗುತ್ತದೆ ಎಂದು ನನಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ, ಆದರೆ ಅದರ ಹೆದರಿಕೆಯೇ ಹೆಚ್ಚಾಗಿತ್ತು.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಪಂಚೆ ಉಟ್ಟು ನಿಂತಿದ್ದೆ. ಕೊಳ್ಳೇಗಾಲದ ಹುಡುಗಿಯ ಫೋನ್ ಬಂತು. ಅಳುತ್ತಿದ್ದಳು. ಪಿ.ಜಿ. ಮನೆಯ ಆಂಟಿ ಅವಳ ಸಾಮಾನನ್ನು ಗಲ್ಲಿಗೆ ಹಾಕಿಸಿದ್ದಾರಂತೆ. ಬೆಳಿಗ್ಗೆ ಯಾರೋ ನೀರಿನ ಮೋಟಾರು ಹಾಕಿ ಆರಿಸದೆ ಬಿಟ್ಟು ಅದು ಸುಟ್ಟುಹೋಗಿದೆ. ಜೊತೆಯ ಹುಡುಗಿಯರೆಲ್ಲ ಇವಳ ಕಡೆ ಬೆರಳು ತೋರಿಸಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಿರುಗಿ ಮಾತಾಡಲು ಬಾರದ ಎಮ್ಮೆ ಸಿಕ್ಕರೆ ಇನ್ನೂ ಅನುಕೂಲ. "ಅಣ್ಣನಿಗೆ ಶಿಫ್ಟು ಸರ್, ಫೋನ್ ಒಳಗೆ ಬಿಡಲ್ಲ. ಅಪ್ಪನಿಗೆ ಗೊತ್ತಾದ್ರೆ ನಾಳೆನೇ ಹೊರಟು ಬಾ ಅಂತಾರೆ. ಒಂದ್ಸಲ ಬರ್ತೀರಾ ಸರ್?"

ಎರಡು ಗಲ್ಲಿ ಆಚೆ. ಪ್ಯಾಂಟು ಹಾಕಿಕೊಳ್ಳುವಷ್ಟು ಪುರುಸೊತ್ತೂ ಇರಲಿಲ್ಲ. ಪಂಚೆ ಎತ್ತಿ ಕಟ್ಟಿ ಹೊರಟೆ. ಬ್ರ್ಯಾಂಡಿನ ಹುಡುಗಿ ಫೋನ್ ಹಿಡಿದು ಹಿಂದೆಯೇ ಓಡಿಬಂದಳು. "ಸರ್, ರಿಯಲ್ ಕಂಟೆಂಟ್! ಅಣ್ಣಾ ಸರ್ ವಿದ್ಯಾರ್ಥಿಗೆ ಸಹಾಯ ಮಾಡ್ತಿದ್ದಾರೆ!" ನನಗೆ ಬೈಯಲೂ ಉಸಿರಿರಲಿಲ್ಲ.

ಗಲ್ಲಿಯಲ್ಲಿ ಹಾಸಿಗೆ ಸುರುಳಿ, ಸೂಟ್‌ಕೇಸು, ಕುಕ್ಕರು, ಪುಸ್ತಕಗಳು. ಪುಸ್ತಕದ ಮೇಲೆ ಯಾರದೋ ಸ್ಕೂಟರಿನ ಚಕ್ರದ ಗುರುತು ಬಿದ್ದಿತ್ತು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಬಾಗಿಲಲ್ಲಿ ಆಂಟಿ, ಮೇಲಿನ ಬಾಲ್ಕನಿಯಲ್ಲಿ ಜೊತೆಯ ಹುಡುಗಿಯರು. ನನ್ನನ್ನು ಕಂಡ ತಕ್ಷಣ ಬಾಲ್ಕನಿಯಲ್ಲಿ "ಅಣ್ಣಾ ಸರ್! ಅಣ್ಣಾ ಸರ್!" ಎಂದು ಗದ್ದಲವೆದ್ದಿತು. ಅಕ್ಕಪಕ್ಕದ ಕೋಚಿಂಗಿನಿಂದ ಮಕ್ಕಳು ಬಂದು ಸೇರಿದರು. ಫೋನುಗಳು ಮೇಲೆದ್ದವು.

ಹೇಳಬೇಕಾಗಿದ್ದದ್ದು ಒಂದೇ ಮಾತು. ನೀರು ಬರುವ ಹೊತ್ತಿಗೆ, ಮೋಟಾರು ಹಾಕುವ ಹೊತ್ತಿಗೆ, ಈ ಹುಡುಗಿ ನನ್ನ ಬೆಳಗಿನ ಬ್ಯಾಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ನಾನೇ ಸಾಕ್ಷಿ. ಅಷ್ಟು ಫೋನುಗಳನ್ನು ನೋಡಿ ನನ್ನ ಬಾಯಿ ತಾನಾಗಿಯೇ ಆ ಇನ್ನೊಂದು ಹಿಂದಿಯನ್ನು ತೆಗೆಯಿತು. ಅಯ್ಯಯ್ಯೋ ಆಂಟಿ ಜೀ ಎಂದು ಶುರುಮಾಡಿ, ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿದೆ. ಇಡೀ ಗಲ್ಲಿ ನಕ್ಕಿತು. ಆಂಟಿಯೂ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ನಾನು ಹೇಳಿದ್ದೇನೆಂದು ಒಬ್ಬರ ಕಿವಿಗೂ ಬೀಳಲಿಲ್ಲ. "ಇನ್ನೊಂದ್ಸಲ ಸರ್!" ಎಂದು ಒಬ್ಬ ಕೂಗಿದ. ಆಂಟಿ ನಗುತ್ತಲೇ ಒಳಗೆ ತಿರುಗಿ, ಉಳಿದ ಸಾಮಾನನ್ನೂ ಹೊರಗೆ ಹಾಕಿ ಎಂದು ಕೈ ಮಾಡಿದರು.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಬಾಯಿಯೂ ನಗುವ ಪ್ರಯತ್ನ ಮಾಡುತ್ತಿತ್ತು. ಅದನ್ನು ಕಂಡು ನನಗೆ ರೇಗಿಹೋಯಿತು. ಯಾರ ಮೇಲೆ ಎಂದು ಕೇಳಬೇಡಿ, ನನ್ನನ್ನೂ ಸೇರಿಸಿ ಎಲ್ಲರ ಮೇಲೆ.

"ಒಂದು ನಿಮಿಷ ನಿಲ್ಲಿ" ಎಂದೆ. ನನ್ನ ಹಿಂದಿಯಲ್ಲಿ ಎಂದೆ. ಓಣಿಯಲ್ಲಿ ಕಲಿತು ದೆಹಲಿಯಲ್ಲಿ ಹೊಳಪು ಕೊಟ್ಟ ಹಿಂದಿ. ಮೋಟಾರು ಎಷ್ಟು ಹೊತ್ತಿಗೆ ಹಾಕಿದ್ದು, ಹುಡುಗಿ ಎಷ್ಟು ಹೊತ್ತಿಗೆ ಮನೆ ಬಿಟ್ಟದ್ದು, ನನ್ನ ಕ್ಲಾಸಿನಲ್ಲಿ ಎಲ್ಲಿ ಕೂತದ್ದು, ಎಲ್ಲ ಹೇಳಿದೆ. ಪರೀಕ್ಷೆ ಎದುರಿಗಿಟ್ಟುಕೊಂಡು ಒಂಟಿ ಹೆಣ್ಣುಮಗುವನ್ನು ಬೀದಿಗೆ ಹಾಕುವ ಮುಂಚೆ ಒಂದು ಮಾತು ಕೇಳುವುದು ದೊಡ್ಡವರ ಧರ್ಮವಲ್ಲವೇ ಎಂದು ಕೇಳಿದೆ. ಧ್ವನಿ ಏರಿಸಲಿಲ್ಲ. ಹಿಂದಿನಿಂದ ಬ್ರ್ಯಾಂಡಿನ ಹುಡುಗಿ, "ಸರ್, ಅಣ್ಣಾ! ಅಣ್ಣಾ!" ಎಂದು ಪಿಸುಗುಟ್ಟಿ ಎಚ್ಚರಿಸುತ್ತಲೇ ಇದ್ದಳು.

ಗಲ್ಲಿಯಲ್ಲಿ ಯಾರೂ ನಗಲಿಲ್ಲ. ಆಂಟಿಯ ಮುಖ ಸಣ್ಣದಾಯಿತು. ಅವರು ಮೇಲೆ ನೋಡಿದರು. ಬಾಲ್ಕನಿಯಲ್ಲಿ ಒಬ್ಬೊಬ್ಬರೇ ಒಳಗೆ ಸರಿಯುತ್ತಿದ್ದರು.

"ಅರೇ ಸರ್ ಜೀ, ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದರು ಆಂಟಿ.

"ಮೊದಲೂ ಇದನ್ನೇ ಹೇಳಿದ್ದು" ಎಂದೆ.

ಸಾಮಾನು ಒಳಗೆ ಹೋಗಲಿ ಎಂದಾಯಿತು. ಆ ವಿಡಿಯೋಗಳಿಂದ ನನಗೆ ಮುಂದೆ ಏನಾಯಿತೆಂಬುದು ದೊಡ್ಡ ಕಥೆಯಲ್ಲ. ಸಂಜೆಯೊಳಗೆ ಅವು ಎಲ್ಲ ಕಡೆ ಹೋದವು, ನಕಲಿ ಅಣ್ಣಾ ಎಂದರು, ಮೋಸಗಾರ ಎಂದರು. ನಿರ್ದೇಶಕರು ಮತ್ತೆ ಚಹಾ ತರಿಸಿದರು. ಈಗ ನಾನು ಆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಡೌಟುಗಳಿಗೆ ಉತ್ತರ ಟೈಪ್ ಮಾಡುತ್ತೇನೆ. ಅಷ್ಟು ದಿನ ಹೆದರಿದ್ದು ಇದಕ್ಕೇ. ಬಂದ ಮೇಲೆ ನೋಡಿದರೆ ಒಂದು ಮೇಜು, ಒಂದು ಫ್ಯಾನು, ಮಾತು ಕಡಿಮೆಯ ಆ ಹಿರಿಯರು. ಆದರೆ ಇದೆಲ್ಲ ಆಮೇಲಿನದು.

ಆ ಮಧ್ಯಾಹ್ನ ಹುಡುಗಿ ಪುಸ್ತಕಗಳನ್ನು ಎದೆಗೊತ್ತಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ನಾನು ಸೂಟ್‌ಕೇಸಿಗೆ ಕೈ ಹಾಕಿದೆ. ಅವಳು ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸರ್, ನಿಮಗೆ ಇಷ್ಟು ಚೆನ್ನಾಗಿ ಬರುತ್ತಾ?"

ಹೌದೆಂದು ತಲೆಯಾಡಿಸಿದೆ.

"ಮೊದಲಿಂದಾನೂ?"

"ಚಿಕ್ಕಂದಿನಿಂದ ಬರುತ್ತಮ್ಮ."

ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಲೆಕ್ಕವೊಂದನ್ನು ಮನಸ್ಸಿನಲ್ಲೇ ಮತ್ತೆ ಮಾಡಿ ನೋಡುವವಳ ಹಾಗೆ ನೆಲ ನೋಡುತ್ತಿದ್ದಳು.

"ಹಂಗಾದ್ರೆ ಇಷ್ಟು ದಿನ ಅವ್ರೆಲ್ಲ ನಕ್ಕಿದ್ದು ನಿಮ್ಮನ್ನ ನೋಡಿ ಅಲ್ಲ ಸರ್. ನಮ್ಮನ್ನ ನೋಡಿ."

ಪಂಚೆ ಒಳಗಿನ ಬೆಲ್ಟಿನಿಂದಲೂ ಸಡಿಲವಾಗಿ ಜಾರುತ್ತಿತ್ತು, ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೆ.

ಅವಳು ಸಾಮಾನುಗಳನ್ನು ಒಂದೊಂದಾಗಿ ತಾನೇ ಮೇಲಕ್ಕೆ ಸಾಗಿಸಿದಳು. ಕೊನೆಯ ಸಲ ಇಳಿದು ಬಂದು ಸುತ್ತ ಹುಡುಕಿದಳು. ಆಮೇಲೆ ಮೇಲಿನ ಕೋಣೆಯ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದಳು. ಕೇಳಲು ಅವಳಿಗೆ ಇಷ್ಟವಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು.

"ಸರ್, ನನ್ ನೀಲಿ ಬಕೆಟ್ ಮೇಲಿನ ಹುಡುಗೀರ ಹತ್ರ ಇದೆ. ನಂದು ಅಂತ ಆಗಲೇ ಹೇಳ್ದೆ, ನಕ್ಕುಬಿಟ್ರು. ನೀವು ಒಂದ್ಸಲ ಹೇಳಿ. ಆಗ ಮಾತಾಡಿದ್ರಲ್ಲ, ಆ ಹಿಂದಿಲಿ."

ಗಲ್ಲಿಯಲ್ಲಿ ಇನ್ನೂ ಕೆಲವರು ಫೋನ್ ಹಿಡಿದೇ ನಿಂತಿದ್ದರು. ನಾನು ತಲೆಯೆತ್ತಿ, ಬಾಲ್ಕನಿಗೆ ಕೇಳುವಂತೆ, ನೀಲಿ ಬಕೆಟ್ ಈ ಹುಡುಗಿಯದು, ದಯವಿಟ್ಟು ಕೊಟ್ಟುಬಿಡಿ ಎಂದು ಕೂಗಿ ಹೇಳಿದೆ. ಬಕೆಟ್ ತಕ್ಷಣ ಬಂತು. ಅವಳು ಅದನ್ನು ತೆಗೆದುಕೊಂಡು, ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿ ಹೋದಳು.